ಆಟದಲ್ಲಿ ಕಾಲು ಉಳುಕಿದರೆ: ಬಿದ್ದ ಕ್ಷಣದಿಂದ ಮತ್ತೆ ಆಡುವವರೆಗೆ, ಹಂತ ಹಂತವಾಗಿ

ಕಾಲು ಉಳುಕಿದವರು ಮೊದಲು ಕೇಳುವುದು ‘ಏನು ಹಚ್ಚಲಿ?’ ಅಂತ. ಸ್ಪ್ರೇ, ಎಣ್ಣೆ, ಐಸ್, ಬ್ಯಾಂಡೇಜ್ ಎಲ್ಲ ಆಮೇಲಿನ ಮಾತು. ಮೂಳೆ ಮುರಿದಿದೆಯಾ, ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಜೋಡಿಸುವ ಗಟ್ಟಿ ಪಟ್ಟಿ) ಹರಿದಿದೆಯಾ ಅಂತ ನೋಡದೆ ಹಚ್ಚಿದ್ದು ಸುಮ್ನೆ ಸಮಾಧಾನಕ್ಕೆ ಅಷ್ಟೇ.

ಎರಡನೇ ತಪ್ಪು ಇನ್ನೊಂದು ತುದಿಯಲ್ಲಿ ಆಗುತ್ತದೆ. ನೋವು ಹೋಯಿತು, ಊತ ಇಳಿಯಿತು, ಮೈದಾನಕ್ಕೆ ಇಳಿದರು. ಕೆಲವು ತಿಂಗಳಲ್ಲಿ ಅದೇ ಕಾಲು, ಅದೇ ಜಾಗ, ಮತ್ತೆ ಉಳುಕು. ‘ನನ್ನ ಕಾಲೇ ವೀಕ್’ ಅನ್ನುತ್ತಾರೆ. ಹೆಚ್ಚಿನ ಸಲ ಕಾಲು ವೀಕ್ ಆಗಿರುವುದಿಲ್ಲ, ಕೊನೆಯ ಮೂರು ಹಂತ ಮಾಡಿರುವುದಿಲ್ಲ.

ಇಲ್ಲಿ ಪಾದದ ಗಂಟಿನ ಉಳುಕನ್ನೇ ಪೂರ್ತಿಯಾಗಿ ತೆಗೆದುಕೊಂಡಿದ್ದೇನೆ. ಓಡಿ, ಜಿಗಿದು ಆಡುವ ಆಟಗಳಲ್ಲಿ ಅತಿ ಸಾಮಾನ್ಯ ಗಾಯಗಳಲ್ಲಿ ಇದೂ ಒಂದು. ಬೇರೆ ಗಾಯಗಳಲ್ಲಿ ಏನು ಬದಲಾಗುತ್ತದೆ ಅಂತ ಕೊನೆಗೆ ಚಿಕ್ಕದಾಗಿ ಹೇಳಿದ್ದೇನೆ.

## ಮೊದಲೇ ಬ್ಯಾಗಿನಲ್ಲಿ ಇರಬೇಕಾದದ್ದು

ಸುಮಾರು 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್, ಒಂದು ತೆಳು ಟವೆಲ್, ಐಸ್ ಅಥವಾ ಕೋಲ್ಡ್ ಪ್ಯಾಕ್, ಒಂದು ಪೆನ್ನು. ಮನೆಯಲ್ಲಿ ವ್ಯಾಯಾಮದ ರಬ್ಬರ್ ಬ್ಯಾಂಡ್ ಒಂದಿರಲಿ. ಪಾದದ ಗಂಟಿಗೆ ಆಧಾರ ಕೊಡುವ, ಲೇಸ್ ಕಟ್ಟುವ ಪಟ್ಟಿ (ಬ್ರೇಸ್) ಆಮೇಲೆ ಬೇಕಾಗುತ್ತದೆ, ಮೊದಲ ದಿನವೇ ಬೇಡ. ಪೆನ್ನು ಯಾಕೆ ಅಂದರೆ, ಒತ್ತಿದಾಗ ನೋವಾದ ಜಾಗವನ್ನು ಗುರುತು ಮಾಡಲು. ಎರಡು ಗಂಟೆ ಕಳೆದು ಪಾದ ಬಾತುಕೊಂಡ ಮೇಲೆ ಎಲ್ಲಿ ಮುಟ್ಟಿದರೂ ನೋವೇ, ಯಾವುದು ಮೂಲ ಅಂತ ಗೊತ್ತಾಗುವುದಿಲ್ಲ.

## ಹಂತ 1: ಆಟ ನಿಲ್ಲಿಸಿ, ಮೊದಲು ಕಣ್ಣಿಂದ ನೋಡಿ

ಬಿದ್ದವರನ್ನು ಎಳೆದು ನಿಲ್ಲಿಸಬೇಡಿ. ‘ಸ್ವಲ್ಪ ನಡೆದಾಡು, ಸರಿ ಹೋಗುತ್ತೆ’ ಅನ್ನುವ ಸಲಹೆಗಾರರು ಎಲ್ಲ ಮೈದಾನದಲ್ಲೂ ಇರುತ್ತಾರೆ. ಅವರಿಗೆ ನೀರು ತರಲು ಹೇಳಿ ಕಳಿಸಿ.

ಬೀಳುವಾಗ ತಲೆಗೆ ಪೆಟ್ಟಾಗಿದೆಯಾ ಅಂತ ಕೇಳಿ. ತಲೆಗೆ ಪೆಟ್ಟಾಗಿ ಗೊಂದಲ, ತಲೆಸುತ್ತು, ವಾಂತಿ, ನೆನಪು ತಪ್ಪುವುದು ಇದ್ದರೆ ಕಾಲಿನ ವಿಷಯ ಪಕ್ಕಕ್ಕಿಡಿ, ಮೊದಲು ಆಸ್ಪತ್ರೆ.

ಆಮೇಲೆ ಕಾಲು. ಪಾದ ಸೊಟ್ಟಗೆ ತಿರುಗಿದೆಯಾ? ಚರ್ಮ ಹರಿದು ಮೂಳೆ ಕಾಣುತ್ತಿದೆಯಾ? ಬೆರಳುಗಳು ಬಿಳಚಿಕೊಂಡು ತಣ್ಣಗಾಗಿವೆಯಾ, ಮರಗಟ್ಟಿವೆಯಾ? ಒಂದಕ್ಕೆ ‘ಹೌದು’ ಅಂದರೂ ಇಲ್ಲಿಗೆ ಓದು ನಿಲ್ಲಿಸಿ. ಕಾಲನ್ನು ಇದ್ದ ಹಾಗೇ ಆಧಾರ ಕೊಟ್ಟು ಆಸ್ಪತ್ರೆಗೆ ಸಾಗಿಸಿ. ಸೊಟ್ಟಗಾದ ಪಾದವನ್ನು ಎಳೆದು ನೇರ ಮಾಡಲು ಹೋಗಬೇಡಿ.

ಅಂಥದ್ದೇನೂ ಇಲ್ಲದಿದ್ದರೆ ಲೇಸ್ ಪೂರ್ತಿ ಸಡಿಲಿಸಿ ಶೂ, ಕಾಲುಚೀಲ ಎರಡೂ ತೆಗೆಯಿರಿ. ಚೀಲದ ಮೇಲಿಂದ ನೋಡಿದರೆ ಏನೂ ತಿಳಿಯದು.

## ಹಂತ 2: ಹೇಗೆ ತಿರುಚಿತು ಅಂತ ಕೇಳಿ

ಪಾದ ಒಳಕ್ಕೆ ಮಗುಚಿ ದೇಹದ ಭಾರ ಹೊರ ಅಂಚಿನ ಮೇಲೆ ಬಿದ್ದರೆ, ಅದು ಮಾಮೂಲಿ ಉಳುಕು. ಹೊರಗಡೆಯ ಮೂರು ಲಿಗಮೆಂಟ್‌ಗಳಲ್ಲಿ ಮುಂದಿನದು ಮೊದಲು ಹಿಗ್ಗುತ್ತದೆ ಇಲ್ಲವೇ ಹರಿಯುತ್ತದೆ. ಪೆಟ್ಟು ಜೋರಾದರೆ ನಡುವಿನದು. ಹಿಂದಿನದು ಅಪರೂಪ.

ಪಾದ ನೆಲಕ್ಕೆ ಊರಿಕೊಂಡಿದ್ದು, ಮೈ ಒಂದು ಕಡೆ ತಿರುಗಿ ಪಾದ ಹೊರಕ್ಕೆ ತಿರುಚಿದ್ದರೆ ಕಥೆ ಬೇರೆ. ಆಗ ಕಾಲಿನ ಎರಡು ಮೂಳೆಗಳನ್ನು ಗಂಟಿನ ಮೇಲ್ಗಡೆ ಜೋಡಿಸುವ ಲಿಗಮೆಂಟ್‌ಗೆ ಪೆಟ್ಟಾಗಿರಬಹುದು. ಊತ ಕಡಿಮೆ ಇರುತ್ತದೆ, ವಾಸಿಯಾಗಲು ಮಾತ್ರ ಹೆಚ್ಚು ಕಾಲ ಬೇಕು. ಮೀನಖಂಡದ ನಡುಭಾಗವನ್ನು ಎರಡೂ ಕಡೆಯಿಂದ ಕೈಯಲ್ಲಿ ಹಿಂಡಿ. ಹಿಂಡಿದ ಜಾಗದಲ್ಲಲ್ಲ, ಕೆಳಗೆ ಗಂಟಿನ ಮೇಲ್ಭಾಗದಲ್ಲಿ ನೋವು ಬಂದರೆ ಈ ಗಾಯದ ಅನುಮಾನ ಪಡಿ, ಡಾಕ್ಟರಿಗೆ ತೋರಿಸಿ.

‘ಹಿಂದಿನಿಂದ ಯಾರೋ ಒದ್ದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ’ ಅಂದರೆ ಅದು ಉಳುಕೇ ಅಲ್ಲದಿರಬಹುದು. ಹಿಮ್ಮಡಿಯ ಮೇಲಿನ ದಪ್ಪ ನರ ಅನ್ನುತ್ತಾರಲ್ಲ, ಆ ಅಕಿಲಿಸ್ ಟೆಂಡನ್ (ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ತುಂಡಾದಾಗ ಹೀಗನ್ನಿಸುತ್ತದೆ. ಬೋರಲಾಗಿ ಮಲಗಿಸಿ, ಪಾದ ಮಂಚದ ಅಂಚಿನಾಚೆ ಇರಲಿ. ಮೀನಖಂಡ ಹಿಂಡಿದಾಗ ಪಾದ ತಾನಾಗಿ ಕೆಳಕ್ಕೆ ಬಾಗಬೇಕು. ಬಾಗದಿದ್ದರೆ ಅದೇ ದಿನ ಮೂಳೆ ಡಾಕ್ಟರ ಹತ್ತಿರ ಹೋಗಿ. ಬೆರಳು ಆಡುತ್ತಿವೆ, ನಡೆಯಲೂ ಆಗುತ್ತಿದೆ ಅಂತ ಇದನ್ನು ಬಿಟ್ಟುಬಿಟ್ಟವರು ಆಮೇಲೆ ಬಹಳ ಪಡಿಪಾಟಲು ಪಡುತ್ತಾರೆ.

‘ಟಕ್’ ಅಂತ ಶಬ್ದ ಬಂತು, ಹಾಗಾದರೆ ಮೂಳೆ ಮುರಿದಿದೆ ಅನ್ನುವ ಲೆಕ್ಕ ತಪ್ಪು. ಲಿಗಮೆಂಟ್ ಹರಿದರೂ ಶಬ್ದ ಬರುತ್ತದೆ.

## ಹಂತ 3: ಎಕ್ಸ್‌ರೇ ಬೇಕಾ, ಬೇಡವಾ?

ಇಡೀ ಕೆಲಸದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಕೆಲವರು ಪ್ರತಿ ಉಳುಕಿಗೂ ಎಕ್ಸ್‌ರೇಗೆ ಓಡುತ್ತಾರೆ, ಕೆಲವರು ಮುರಿದ ಮೂಳೆಯನ್ನು ವಾರಗಟ್ಟಲೆ ನೀವಿಸಿಕೊಳ್ಳುತ್ತಾರೆ. ಡಾಕ್ಟರುಗಳು ಇದಕ್ಕೆ ಬಳಸುವ ಒಂದು ಪರೀಕ್ಷೆ ಇದೆ, ಹೆಸರು ಒಟ್ಟಾವಾ ನಿಯಮ. ನಾಲ್ಕು ಜಾಗ ಒತ್ತಬೇಕು, ನಾಲ್ಕು ಹೆಜ್ಜೆ ನಡೆಸಬೇಕು.

ಜಾಗ 1, ಹೊರಗಂಟು. ಪಾದದ ಹೊರಬದಿಯಲ್ಲಿ ಉಬ್ಬಿರುವ ಮೂಳೆ. ಇದರ ತುದಿಯನ್ನೂ, ಹಿಂದಿನ ಅಂಚಿನಲ್ಲಿ ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೂ ಒಂದೇ ಬೆರಳಿನಿಂದ ಒತ್ತುತ್ತಾ ಹೋಗಿ. ‘ಹಿಂದಿನ ಅಂಚು’ ಅನ್ನುವುದು ಬಹಳ ಮುಖ್ಯ. ಮುಂದಿನ ಅಂಚಿನಲ್ಲಿ ಲಿಗಮೆಂಟ್ ಇದೆ, ಮಾಮೂಲಿ ಉಳುಕಿನಲ್ಲೂ ಅಲ್ಲಿ ಒತ್ತಿದರೆ ಜೀವ ಹೋದ ಹಾಗಾಗುತ್ತದೆ. ಅದನ್ನು ಮೂಳೆನೋವು ಅಂತ ಎಣಿಸಬೇಡಿ.

ಜಾಗ 2, ಒಳಗಂಟು. ಒಳಬದಿಯ ಉಬ್ಬು. ಇಲ್ಲೂ ತುದಿ, ಹಿಂದಿನ ಅಂಚು, ಅದೇ 6 ಸೆಂ.ಮೀ.

ಜಾಗ 3, ಪಾದದ ಹೊರ ಅಂಚು. ಕಿರುಬೆರಳ ಬುಡದಿಂದ ಹಿಮ್ಮಡಿಯ ಕಡೆಗೆ ಬೆರಳು ಜಾರಿಸುತ್ತಾ ಬನ್ನಿ. ನಡುವೆ ಒಂದು ಚಿಕ್ಕ ಮೂಳೆಯುಬ್ಬು ಸಿಗುತ್ತದೆ. ಪಾದ ಒಳಕ್ಕೆ ಮಗುಚಿದಾಗ ಇದು ಮುರಿಯುವುದುಂಟು. ಗಂಟನ್ನು ಮಾತ್ರ ನೋಡಿದವರ ಕಣ್ಣು ತಪ್ಪುವುದು ಇದೇ ಮೂಳೆ.

ಜಾಗ 4, ಪಾದದ ಒಳಬದಿ. ಒಳಗಂಟಿನಿಂದ ಸ್ವಲ್ಪ ಕೆಳಗೆ, ಸ್ವಲ್ಪ ಮುಂದೆ, ಪಾದದ ಕಮಾನಿನ ಮೇಲ್ಗಡೆ ಸಿಗುವ ಉಬ್ಬು.

ನಾಲ್ಕು ಹೆಜ್ಜೆ. ಪ್ರತಿ ಕಾಲಿಗೆ ಎರಡರಂತೆ ಒಟ್ಟು ನಾಲ್ಕು ಹೆಜ್ಜೆ. ಕುಂಟಿದರೂ ಪರವಾಗಿಲ್ಲ, ಭಾರ ಹಾಕಬೇಕು ಅಷ್ಟೇ. ಪೆಟ್ಟಾದ ಕೂಡಲೇ ಆಗಲಿಲ್ಲ, ಪರೀಕ್ಷೆ ಮಾಡುವಾಗಲೂ ಆಗುತ್ತಿಲ್ಲ ಅಂದರೆ ಎಕ್ಸ್‌ರೇ ಬೇಕು.

ನಾಲ್ಕರಲ್ಲಿ ಯಾವ ಜಾಗದಲ್ಲಿ ಮೂಳೆನೋವಿದ್ದರೂ ಎಕ್ಸ್‌ರೇ. ಒಂದೂ ಇಲ್ಲ, ನಾಲ್ಕು ಹೆಜ್ಜೆ ನಡೆಯಲೂ ಆಯಿತು ಅಂದರೆ ಮುಖ್ಯವಾದ ಮುರಿತ ಇರುವ ಸಾಧ್ಯತೆ ತೀರಾ ಕಡಿಮೆ. ತಿರುಗಾ ಮುರುಗಾ ಓದಬೇಡಿ: ನೋವಿದೆ ಅಂದ ಮಾತ್ರಕ್ಕೆ ಮುರಿದಿದೆ ಅಂತಲ್ಲ. ಎಕ್ಸ್‌ರೇಗೆ ಹೋದವರಲ್ಲಿ ಹೆಚ್ಚಿನವರ ಮೂಳೆ ಸರಿಯಾಗೇ ಇರುತ್ತದೆ.

ಇದರ ಜೊತೆ ಇನ್ನೊಂದು ಜಾಗ ನಾನು ಸೇರಿಸುತ್ತೇನೆ. ಮೊಣಕಾಲಿನ ಕೆಳಗೆ ಹೊರಬದಿಯ ಮೂಳೆಯನ್ನೂ ಒತ್ತಿ ನೋಡಿ. ಗಂಟು ಜೋರಾಗಿ ತಿರುಚಿದಾಗ ಆ ಮೂಳೆ ಅಷ್ಟು ಮೇಲೆ ಮುರಿಯುವುದುಂಟು.

ಈ ಪರೀಕ್ಷೆಯನ್ನು ಎಲ್ಲರ ಮೇಲೂ ನಂಬುವಂತಿಲ್ಲ. ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಮೂಳೆ ಬೆಳೆಯುವ ಭಾಗವೇ ಮೊದಲು ಸೋಲಬಹುದು, ಅವರನ್ನು ಡಾಕ್ಟರೇ ನೋಡಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು, ಕುಡಿದಿರುವವರು, ಬೇರೆ ಕಡೆಯೂ ದೊಡ್ಡ ಗಾಯವಾಗಿ ಅದರ ನೋವಲ್ಲೇ ಇರುವವರು: ಇವರ ‘ನೋವಿಲ್ಲ’ ಅನ್ನುವ ಮಾತಿನ ಮೇಲೆ ತೀರ್ಮಾನ ಮಾಡಬೇಡಿ.

## ಹಂತ 4: ಮೊದಲ ಎರಡು ಮೂರು ದಿನ

ಬ್ಯಾಂಡೇಜ್. ಪಾದವನ್ನು ಕಾಲಿಗೆ ಲಂಬ ಕೋನದಲ್ಲಿ ಹಿಡಿಯಿರಿ, ನೆಲದ ಮೇಲೆ ನಿಂತಾಗ ಇರುವ ಹಾಗೆ. ಪಾದ ಜೋತುಬಿದ್ದಾಗ ಕಟ್ಟಿದರೆ ನಿಂತ ಕೂಡಲೇ ಸುತ್ತು ಸಡಿಲವಾಗುತ್ತದೆ. ಬೆರಳ ಬುಡದಿಂದ ಶುರು ಮಾಡಿ, ಎರಡು ಸುತ್ತು ಅಲ್ಲೇ ಹಾಕಿ. ಆಮೇಲೆ ಗಂಟಿನ ಸುತ್ತ 8ರ ಆಕಾರದಲ್ಲಿ ಮೇಲೇರಿ. ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಬರಬೇಕು. ಹಿಮ್ಮಡಿಯನ್ನು ಬಯಲು ಬಿಡಬೇಡಿ, ಊತವೆಲ್ಲ ಅಲ್ಲಿಗೇ ಇಳಿಯುತ್ತದೆ. ಬೆರಳ ತುದಿಗಳು ಮಾತ್ರ ಹೊರಗಿರಲಿ.

ಕಟ್ಟಿದ ಮೇಲೆ ಹೆಬ್ಬೆರಳ ಉಗುರನ್ನು ಒತ್ತಿ ಬಿಡಿ. ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಬರಬೇಕು. ಬರದಿದ್ದರೆ, ಬೆರಳು ನೀಲಿಯಾದರೆ, ಜುಮ್ಮೆಂದರೆ ಬಿಚ್ಚಿ ಸಡಿಲವಾಗಿ ಕಟ್ಟಿ. ಬಿಗಿದಷ್ಟೂ ಬೇಗ ವಾಸಿ ಅನ್ನುವುದು ಸುಳ್ಳು. ರಾತ್ರಿ ಮಲಗುವಾಗ ಬಿಚ್ಚಿಡಿ.

ಎತ್ತರ. ಕುರ್ಚಿಯಲ್ಲಿ ಕೂತು ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟರೆ ಸಾಲದು. ಮಲಗಿ, ಪಾದ ಎದೆಗಿಂತ ಮೇಲೆ ಬರುವಂತೆ ದಿಂಬು ಹಾಕಿ.

ಐಸ್. ಟವೆಲಿನಲ್ಲಿ ಸುತ್ತಿ 15ರಿಂದ 20 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ನೇರವಾಗಿ ಚರ್ಮಕ್ಕೆ ಬೇಡ, ಚರ್ಮ ಸುಡುತ್ತದೆ. ಐಸ್ ನೋವನ್ನು ಕಡಿಮೆ ಮಾಡುತ್ತದೆ, ಲಿಗಮೆಂಟನ್ನು ಬೇಗ ಕೂಡಿಸುವುದಿಲ್ಲ. ಸಿಗಲಿಲ್ಲ ಅಂತ ಪರದಾಡುವ ಅಗತ್ಯವಿಲ್ಲ.

ಮಾತ್ರೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ನೋವು ನಿವಾರಕ ಜೆಲ್ಲನ್ನು ಮೆಲ್ಲಗೆ ಸವರಬಹುದು, ತಿಕ್ಕಬಾರದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್ ಥರದ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನುಂಗಬಾರದು. ಮಾತ್ರೆ ನುಂಗಿ ಆಡಲು ಹೋಗುವುದು ಮಾತ್ರ ಯಾರಿಗೂ ಬೇಡ.

ಈ ದಿನಗಳಲ್ಲಿ ಬೇಡವಾದದ್ದು: ನೀವುವುದು, ಬಿಸಿ ಶಾಖ, ಬಿಸಿನೀರ ಸ್ನಾನದಲ್ಲಿ ಕಾಲು ನೆನೆಸುವುದು, ಮದ್ಯ. ‘ಜೋರಾಗಿ ಎಳೆದು ಕೂರಿಸಿದರೆ’ ಸರಿ ಹೋಗುತ್ತದೆ ಅನ್ನುವವರ ಕೈಗೆ ಕಾಲು ಕೊಡಲೇಬೇಡಿ. ಹರಿದ ಲಿಗಮೆಂಟ್‌ನಲ್ಲಿ ಕೂರಿಸಲು ಏನೂ ಇರುವುದಿಲ್ಲ.

ಪೂರ್ತಿ ಮಂಚ ಹಿಡಿಯುವುದೂ ತಪ್ಪು. ತಡೆದುಕೊಳ್ಳುವಷ್ಟು ನೋವಿದ್ದರೆ ಎರಡನೇ ದಿನದಿಂದಲೇ ಸ್ವಲ್ಪ ಸ್ವಲ್ಪ ಭಾರ ಹಾಕಿ. ಕುಂಟದೆ ನಡೆಯಲು ಆಗದಿದ್ದರೆ ಊರುಗೋಲು ಹಿಡಿಯಿರಿ. ಕುಂಟುತ್ತಾ ದಿನವಿಡೀ ಓಡಾಡಿದರೆ ಸೊಂಟವೂ ಹಿಡಿದುಕೊಳ್ಳುತ್ತದೆ.

ಮೂರನೇ ದಿನದ ಹೊತ್ತಿಗೆ ಕಪ್ಪು ನೀಲಿ ಕಲೆ ಬೆರಳಿನ ಬುಡಕ್ಕೂ ಹಿಮ್ಮಡಿಗೂ ಇಳಿಯುತ್ತದೆ. ಗಾಯ ಹರಡಿತು ಅಂತ ಗಾಬರಿಯಾಗಬೇಡಿ. ಒಳಗೆ ಸೋರಿದ ರಕ್ತ ಕೆಳಕ್ಕೆ ಇಳಿದಿರುತ್ತದೆ ಅಷ್ಟೇ.

## ಹಂತ 5: ನಾಲ್ಕೈದು ದಿನಕ್ಕೆ ಇನ್ನೊಮ್ಮೆ ಪರೀಕ್ಷೆ

ಮೊದಲ ದಿನ ಲಿಗಮೆಂಟ್ ಎಷ್ಟು ಹರಿದಿದೆ ಅಂತ ಹೇಳುವುದು ಡಾಕ್ಟರಿಗೂ ಕಷ್ಟ. ನೋವಿಗೆ ಸ್ನಾಯುಗಳೆಲ್ಲ ಬಿಗಿದುಕೊಂಡಿರುತ್ತವೆ. ನಾಲ್ಕೈದು ದಿನ ಬಿಟ್ಟು ನೋಡಿದರೆ ಗಂಟು ಎಷ್ಟು ಸಡಿಲವಾಗಿದೆ ಅಂತ ಕೈಗೆ ಚೆನ್ನಾಗಿ ತಿಳಿಯುತ್ತದೆ. ಡಾಕ್ಟರೋ ಫಿಸಿಯೋನೋ ಹಿಮ್ಮಡಿ ಹಿಡಿದು ಪಾದವನ್ನು ಮುಂದಕ್ಕೆ ಎಳೆದು ನೋಡುತ್ತಾರೆ, ಇನ್ನೊಂದು ಕಾಲಿಗೆ ಹೋಲಿಸುತ್ತಾರೆ. ಇದನ್ನು ನೀವೇ ಮಾಡಿಕೊಳ್ಳಬೇಡಿ.

ಗಾಯವನ್ನು ಮೂರು ಗ್ರೇಡ್ ಮಾಡುತ್ತಾರೆ. ಮೊದಲನೆಯದರಲ್ಲಿ ಲಿಗಮೆಂಟ್ ಹಿಗ್ಗಿರುತ್ತದೆ, ಒಂದರಿಂದ ಮೂರು ವಾರ. ಎರಡನೆಯದರಲ್ಲಿ ಅರ್ಧಂಬರ್ಧ ಹರಿದಿರುತ್ತದೆ, ಮೂರರಿಂದ ಆರು ವಾರ. ಮೂರನೆಯದರಲ್ಲಿ ಪೂರ್ತಿ ಹರಿದಿರುತ್ತದೆ, ಎರಡು ಮೂರು ತಿಂಗಳು ಹಿಡಿಯಬಹುದು. ಪೂರ್ತಿ ಹರಿದರೂ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಜಾಸ್ತಿ ನೋವಿದ್ದರೆ ಕೆಲವು ದಿನ ಗಂಟು ಅಲುಗದಂತೆ ಹಿಡಿಯುವ ಗಟ್ಟಿ ಬೂಟು ಅಥವಾ ಪ್ಲಾಸ್ಟರ್ ಪಟ್ಟಿ ಹಾಕಬಹುದು. ಆದರೆ ಹತ್ತು ದಿನ ದಾಟಿಸದೆ ಬ್ರೇಸಿಗೆ ಬದಲಾಯಿಸಿ ಕಾಲು ಆಡಿಸಲು ಶುರು ಮಾಡುವುದು ಒಳ್ಳೆಯದು. ಮೊದಲ ವಾರದಲ್ಲೇ ಎಂಆರ್‌ಐ ಅಂತ ಹಟ ಹಿಡಿಯಬೇಡಿ. ಗಂಟಿನ ಮೇಲಿನ ಲಿಗಮೆಂಟ್ ಬಗ್ಗೆ ಅನುಮಾನವಿದ್ದರೆ, ಅಥವಾ ಆರು ವಾರವಾದರೂ ಒಳಗೆ ಆಳದಲ್ಲಿ ನೋಯುತ್ತಿದ್ದರೆ ಅದು ಕೆಲಸಕ್ಕೆ ಬರುತ್ತದೆ.

## ಹಂತ 6: ಚಲನೆ ವಾಪಸ್ ತನ್ನಿ

ಕೂತು, ಕಾಲೆತ್ತಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಮೊಣಕಾಲು ಅಲುಗಬಾರದು, ಪಾದ ಮಾತ್ರ ಆಡಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಗಂಟು ಎಲ್ಲ ದಿಕ್ಕಿಗೂ ತಿರುಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸಾಕು.

ಊತ ಇಳಿಯುತ್ತಿದ್ದಂತೆ ಗೋಡೆ ಪರೀಕ್ಷೆ ಮಾಡಿ. ಗೋಡೆಗೆ ಎದುರಾಗಿ ಪಾದ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಆಗುತ್ತಿದೆ ಅಂದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಹೆಬ್ಬೆರಳಿನಿಂದ ಗೋಡೆಗೆ ಇರುವ ದೂರ ಅಳೆಯಿರಿ, ಇನ್ನೊಂದು ಕಾಲಿನದ್ದೂ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ 2 ಸೆಂ.ಮೀ.ಗಿಂತ ಕಡಿಮೆ ಆಗುವವರೆಗೆ ಓಟ ಬೇಡ. ಪಾದ ಸಾಕಷ್ಟು ಬಾಗದೆ ಓಡಿದರೆ ಅದರ ಭಾರ ಮೊಣಕಾಲು ಹೊರುತ್ತದೆ.

## ಹಂತ 7: ಬಲ, ಆಮೇಲೆ ಸಮತೋಲನ

ಬಲಕ್ಕೆ ಎರಡೇ ವ್ಯಾಯಾಮ. ರಬ್ಬರ್ ಬ್ಯಾಂಡನ್ನು ಪಾದಕ್ಕೆ ಸಿಕ್ಕಿಸಿ ಪಾದವನ್ನು ಹೊರಕ್ಕೆ ತಳ್ಳುವುದು, 15ರಂತೆ ಮೂರು ಸುತ್ತು. ವಾಪಸ್ ಬರುವಾಗ ಬ್ಯಾಂಡ್ ಸೆಳೆದುಕೊಳ್ಳಲು ಬಿಡದೆ ನಿಧಾನಕ್ಕೆ ಬನ್ನಿ. ಎರಡನೆಯದು ಹಿಮ್ಮಡಿ ಎತ್ತುವುದು. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದೇ ಕಾಲಿನಲ್ಲಿ. ಒಳ್ಳೆಯ ಕಾಲು ಎಷ್ಟು ಸಲ ಎತ್ತುತ್ತದೋ ಇದೂ ಅಷ್ಟು ಎತ್ತಬೇಕು.

ಇನ್ನು ಸಮತೋಲನ. ಪಾದ ಯಾವ ಕಡೆ ವಾಲುತ್ತಿದೆ ಅಂತ ಮಿದುಳಿಗೆ ತಿಳಿಸುವ ನರಗಳು ಲಿಗಮೆಂಟಿನೊಳಗೂ ಇವೆ. ಅದು ಹರಿದಾಗ ಆ ಸುದ್ದಿ ತಡವಾಗಿ ಹೋಗುತ್ತದೆ. ಪಾದ ಮಗುಚುವುದು ಗೊತ್ತಾಗುವ ಹೊತ್ತಿಗೆ ಮಗುಚಿಯೇ ಆಗಿರುತ್ತದೆ. ಅದೇ ಕಾಲು ಮತ್ತೆ ಮತ್ತೆ ಉಳುಕಲು ಇದೊಂದು ದೊಡ್ಡ ಕಾರಣ. ಇದನ್ನು ಯಾವ ಎಣ್ಣೆಯೂ ಸರಿ ಮಾಡುವುದಿಲ್ಲ, ಅಭ್ಯಾಸ ಮಾಡುತ್ತದೆ.

ಬರಿಗಾಲಲ್ಲಿ, ಕೈಗೆ ಸಿಗುವಷ್ಟು ಹತ್ತಿರ ಗೋಡೆ ಇರುವ ಕಡೆ ನಿಲ್ಲಿ. ಒಂದೇ ಕಾಲಿನಲ್ಲಿ 30 ಸೆಕೆಂಡ್. ಅಲುಗದೆ ಆದರೆ ಕಣ್ಣು ಮುಚ್ಚಿ. ಅದೂ ಆದರೆ ಮೆತ್ತನೆಯ ದಿಂಬಿನ ಮೇಲೆ. ಕೊನೆಗೆ ದಿಂಬಿನ ಮೇಲೆ ನಿಂತು ಚೆಂಡು ಎಸೆದು ಹಿಡಿಯುವುದು. ಕಣ್ಣು ಮುಚ್ಚಿದ ಕೂಡಲೇ ಗಂಟು ಗಡಗಡ ಅಲುಗುವುದು ಕಾಣುತ್ತದೆ. ಆ ಅಲುಗಾಟವೇ ಪಾಠ, ಹೆದರಬೇಡಿ. ಹಲ್ಲುಜ್ಜುವಾಗ ಮಾಡಿದರೆ ಬೇರೆ ಸಮಯ ಹೊಂದಿಸಬೇಕಾಗಿಯೂ ಇಲ್ಲ. ಎಂಟು ವಾರ ಬಿಡದೆ ಮಾಡಿ. ಎರಡನೇ ವಾರಕ್ಕೆ ಬೇಜಾರು ಬರುತ್ತದೆ, ಅಲ್ವಾ? ಆಗಲೂ ಮಾಡಿ.

## ಹಂತ 8: ಮೈದಾನಕ್ಕೆ

ಕ್ಯಾಲೆಂಡರ್ ನೋಡಿ ಇಳಿಯಬೇಡಿ, ಕಾಲು ಏನು ಮಾಡಬಲ್ಲದು ಅಂತ ನೋಡಿ ಇಳಿಯಿರಿ. ಕ್ರಮ ಹೀಗಿರಲಿ:

1. ಅರ್ಧ ಗಂಟೆ ಬಿರುಸು ನಡಿಗೆ, ಕುಂಟದೆ.
2. ಸಮತಟ್ಟು ನೆಲದ ಮೇಲೆ ನೇರ ಓಟ, ನಿಧಾನಕ್ಕೆ.
3. 8ರ ಆಕಾರದಲ್ಲಿ ಓಟ, ದೊಡ್ಡ ಸುತ್ತಿನಿಂದ ಚಿಕ್ಕದಕ್ಕೆ.
4. ಗಕ್ಕನೆ ನಿಂತು ದಿಕ್ಕು ಬದಲಿಸುವುದು, ಜಿಗಿದು ಇಳಿಯುವುದು.
5. ಯಾರೂ ಮೈಗೆ ಬೀಳದ ಅಭ್ಯಾಸ, ಆಮೇಲೆ ಪೂರ್ತಿ ಅಭ್ಯಾಸ, ಆಮೇಲೆ ಪಂದ್ಯ.

ಒಂದು ಮೆಟ್ಟಿಲು ಮುಗಿದ ಮಾರನೇ ಬೆಳಿಗ್ಗೆ ಗಂಟು ನೋಡಿ. ಮತ್ತೆ ಬಾತಿದ್ದರೆ, ಅಥವಾ ಹತ್ತಕ್ಕೆ ಮೂರಕ್ಕಿಂತ ಹೆಚ್ಚು ನೋವಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಪಂದ್ಯಕ್ಕೆ ಮೊದಲು ಒಂಟಿಗಾಲಲ್ಲಿ ಮುಂದಕ್ಕೆ ಜಿಗಿದು ಅಳೆಯಿರಿ. ಗಾಯದ ಕಾಲಿನ ದೂರ ಒಳ್ಳೆಯ ಕಾಲಿನ 90 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಇನ್ನೂ ಸಮಯ ಬೇಕು. ಆರು ತಿಂಗಳಿಂದ ಒಂದು ವರ್ಷದವರೆಗೆ ಆಡುವಾಗ ಬ್ರೇಸ್ ಅಥವಾ ಟೇಪ್ ಹಾಕಿ. ಹಾಕಿಕೊಂಡರೆ ಕಾಲು ಸೋಮಾರಿಯಾಗುತ್ತದೆ ಅನ್ನುವ ಭಯ ಬೇಡ. ಮನೆಯಲ್ಲಿ ಸುಮ್ನೆ ಓಡಾಡುವಾಗ ಮಾತ್ರ ತೆಗೆದಿಡಿ.

## ಯಾವಾಗ ತಡಮಾಡದೆ ಡಾಕ್ಟರಿಗೆ ತೋರಿಸಬೇಕು

ಮೀನಖಂಡ ಬಾತು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರುಗಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ಕಾಲು ಕಲ್ಲಿನಂತೆ ಗಟ್ಟಿಯಾಗಿ, ಬೆರಳು ಆಡಿಸಿದರೂ ಸಹಿಸಲಾಗದ ನೋವಿದ್ದು, ಮಾತ್ರೆಗೂ ಬಗ್ಗದಿದ್ದರೆ ಅದೂ ತುರ್ತು.

ಒಂದು ವಾರವಾದರೂ ಭಾರ ಹಾಕಲಾಗದಿದ್ದರೆ, ಗಂಟು ನಡುವೆ ಸಿಕ್ಕಿಹಾಕಿಕೊಂಡ ಹಾಗಾದರೆ, ಸಮತಟ್ಟು ನೆಲದಲ್ಲೂ ಕಾಲು ಕೈಕೊಡುತ್ತಿದ್ದರೆ ಮತ್ತೆ ತೋರಿಸಿ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅನ್ನುವುದು ಕೊನೆಯ ಮಾತಲ್ಲ.

## ಬೇರೆ ಗಾಯಗಳಾದರೆ ಏನು ಬದಲಾಗುತ್ತದೆ

ಕ್ರಮ ಅದೇ: ಮೊದಲು ಅಪಾಯ, ಆಮೇಲೆ ಗಾಯವಾದ ರೀತಿ, ಆಮೇಲೆ ಮೂಳೆ. ನೋಡಬೇಕಾದದ್ದು ಮಾತ್ರ ಬೇರೆ.

ಮೊಣಕಾಲು. ತಿರುಗುವಾಗ ‘ಟಕ್’ ಅಂದು ಎರಡು ಗಂಟೆಯೊಳಗೆ ಬಾತುಕೊಂಡರೆ ಕೀಲಿನೊಳಗೆ ರಕ್ತ ತುಂಬಿರಬಹುದು, ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಿರುವ ಅನುಮಾನ ಪಡಬೇಕು. ಮಾರನೇ ದಿನ ಮೆಲ್ಲಗೆ ಬಾತರೆ ಸಾಮಾನ್ಯವಾಗಿ ಅಷ್ಟು ದೊಡ್ಡದಲ್ಲ, ಆದರೂ ತೋರಿಸಿ. ಕಾಲು ನೇರ ಮಾಡಲಾಗದೆ ಸಿಕ್ಕಿಕೊಂಡರೆ ಬೇಗ ತೋರಿಸಬೇಕು.

ತೊಡೆಯ ಹಿಂಭಾಗ. ಓಡುವಾಗ ಚುರ್ ಅಂದರೆ ಆ ದಿನದ ಆಟ ಮುಗಿಯಿತು. ಮೊದಲ ದಿನಗಳಲ್ಲಿ ಜಗ್ಗಿ ಜಗ್ಗಿ ಸ್ಟ್ರೆಚ್ ಮಾಡಬೇಡಿ, ಹರಿದದ್ದು ಇನ್ನಷ್ಟು ಹರಿಯುತ್ತದೆ.

ಮೊಣಕಾಲ ಕೆಳಗಿನ ಮುಂಭಾಗ. ಮೂಳೆಯ ಅಂಚಿನುದ್ದಕ್ಕೂ ಗೇಣಷ್ಟು ನೋವಿದ್ದರೆ ಓಟ ಕಡಿಮೆ ಮಾಡಿ ನೋಡಬಹುದು. ಒಂದು ಬೆರಳಲ್ಲಿ ತೋರಿಸುವಂಥ ಒಂದೇ ಚುಕ್ಕೆಯಲ್ಲಿ ನೋವು, ರಾತ್ರಿಯೂ ನೋವು ಅಂದರೆ ಮೂಳೆ ಬಿರುಕು ಬಿಟ್ಟಿರಬಹುದು. ಓಟ ಪೂರ್ತಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಭುಜ. ಕೀಲು ತಪ್ಪಿದ್ದರೆ ಮೈದಾನದಲ್ಲಿ ಯಾರೂ ಎಳೆದು ಕೂರಿಸಬಾರದು. ಕೈಯನ್ನು ಎದೆಗೆ ಜೋಲಿ ಕಟ್ಟಿ ಆಸ್ಪತ್ರೆಗೆ ಕಳಿಸಿ.

ಬೆರಳು. ಚೆಂಡು ಬಡಿದು ಬೆರಳ ತುದಿ ಬಾಗಿ ಕೂತು, ತಾನಾಗಿ ನೇರವಾಗದಿದ್ದರೆ ಟೆಂಡನ್ ಕಿತ್ತಿರುತ್ತದೆ. ನೋವು ಅಷ್ಟಾಗಿ ಇರದ ಕಾರಣ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಾಕ್ಟರು ತುದಿಯನ್ನು ನೇರವಾಗಿಟ್ಟು ಆರರಿಂದ ಎಂಟು ವಾರ ಸ್ಪ್ಲಿಂಟ್ (ಬೆರಳು ಬಾಗದಂತೆ ಹಿಡಿಯುವ ಗಟ್ಟಿ ಆಧಾರ) ಹಾಕುತ್ತಾರೆ. ಕೈ ತೊಳೆಯಲು ಅಂತ ಸ್ಪ್ಲಿಂಟ್ ತೆಗೆದಾಗಲೂ ಬೆರಳನ್ನು ಮೇಜಿನ ಮೇಲೆ ನೇರವಾಗಿ ಒತ್ತಿ ಹಿಡಿದಿರಬೇಕು. ನಡುವೆ ಒಂದೇ ಸಲ ಬಾಗಿದರೂ ದಿನದ ಲೆಕ್ಕ ಮತ್ತೆ ಒಂದರಿಂದ ಶುರು.